ಮೂರನೆಯ ‘ನೋಡೆ’

ಆಸ್ಪತ್ರೆಯ ಹೃದಯ ವಿಭಾಗವು ಆ ಬೆಳಗಿನ ಎಲ್ಲ ಕೆಲಸ ಬದಿಗಿಟ್ಟು ಕೈಗೆತ್ತಿಕೊಂಡ ಗುರುತರ ವಿಷಯವೆಂದರೆ ‘ನೋಡೆ’ ಎಂಬ ಎರಡಕ್ಷರದ ಪದ. ಕೃತಕ ಹೃದಯ ಹಾಕಿಸಿಕೊಂಡವರೆಲ್ಲ ಅದರ ಮಿಡಿತದ ಲಯಕ್ಕೆ ಒಂದು ಪದ್ಯ ಆರಿಸಿಕೊಳ್ಳುತ್ತಾರಷ್ಟೆ. ಇಳಕಲ್ಲಿನ ನೇಕಾರ ಫಕೀರಪ್ಪ ಆರಿಸಿದ್ದು ಒಂದು ಹಳೆಯ ಪ್ರೇಮಪದ್ಯ. ಆದರೆ ಅದರ ಪ್ರತಿ ನುಡಿ ಮುಗಿದಾಗಲೂ ಅವನಿಗೆ ತಲೆ ಸುತ್ತುತ್ತಿತ್ತು.

ಛಂದಸ್ಸಿನ ತಂತ್ರಜ್ಞೆ ಸುಮಿತ್ರಾ ಪರದೆಯ ಮೇಲೆ ಸಾಲುಗಳನ್ನು ಬಿಡಿಸಿ ನೋಡಿದಳು. ಮೂರು, ನಾಲ್ಕು, ಮೂರು, ನಾಲ್ಕು, ಮಾತ್ರೆಗಳು ಸರಿಯಿದ್ದವು. ಪ್ರತಿ ಸಾಲಿನ ಎರಡನೆಯ ಅಕ್ಷರ ‘ಳ’, ಪ್ರಾಸವೂ ಸರಿ. ಕೊನೆಗೆ ‘ನೋಡೆ’ ಎರಡು ಸಲ, ಅಚ್ಚಿನಲ್ಲಿದ್ದಂತೆಯೇ.

“ಪದ್ಯದಾಗ ತಪ್ಪಿಲ್ರಿ. ನಿಮ್ಮ ಮೈಗೆ ಒಗ್ಗವಲ್ದು. ಇದನ್ನ ತಗದು ಎರಡರ ಮಗ್ಗಿ ಹಾಕೋಣ. ಭಾಳ ಮಂದಿಗೆ ಒಗ್ಗೈತಿ.”

“ಮಗ್ಗಿ?” ಫಕೀರಪ್ಪನ ಹೆಂಡತಿ ನೀಲವ್ವ ಎದ್ದು ನಿಂತಳು. “ನಲವತ್ತು ವರ್ಷ ಮಗ್ಗದಾಗ ಕುಂತು ನನಗ ಇದನ್ನ ಹಾಡ್ಯಾರ. ಈಗ ಎದಿಯೊಳಗ ಮಗ್ಗಿ ಇಟ್ಕೊಂಡು ಮನಿಗೆ ಬರ್ತಾರೇನು? ಹಾಡ್ರಿ ನೀವು, ಈಕಿ ಕೇಳ್ಲಿ.”

ಫಕೀರಪ್ಪ ನಾಚುತ್ತಲೇ ಹಾಡಿದ. ಕೊನೆಯಲ್ಲಿ ‘ನೋಡೆ’ ಮೂರು ಸಲ ಬಂತು.

“ಪುಸ್ತಕದಾಗ ಎರಡೇ ಐತೆಲ್ರಿ ಕಾಕಾ?” ಎಂದಳು ಸುಮಿತ್ರಾ.

“ಎರಡಕ್ಕ ಈಕಿ ತಿರುಗಿ ನೋಡ್ತಿದ್ದಿಲ್ಲವ್ವಾ. ನೂಲು ಸುತ್ಕೋತ ಹಂಗ ಕುಂದರತಿದ್ಲು. ಭಾಳ ಬಿಂಕ.”

“ಕರದ ಕೂಡ್ಲೆ ನೋಡಾಕ ನಾ ಏನು ಅಷ್ಟು ಸದರೇನು?” ಎಂದಳು ನೀಲವ್ವ.

ಅಚ್ಚಿನ ಪಾಠ ತಿದ್ದಕೂಡದೆಂಬ ನಿಯಮ ಗೋಡೆಯ ಮೇಲೆ ತೂಗುತ್ತಿತ್ತು. ಸುಮಿತ್ರಾ ಅದಕ್ಕೆ ಬೆನ್ನು ಮಾಡಿ ಕುಳಿತು ಇನ್ನೊಂದು ‘ನೋಡೆ’ ಸೇರಿಸಿದಳು. ಫಕೀರಪ್ಪನಿಗೆ ಮತ್ತೆ ತಲೆ ಸುತ್ತಲಿಲ್ಲ.