ಎರಡನೆಯ ಬ್ಯಾಟರಿ

ಜೀಪಿನ ಹಿಂಬದಿಯಲ್ಲಿದ್ದ ಪೆಟ್ಟಿಗೆಯ ಮುಚ್ಚಳ ಎತ್ತಿದ ಕೂಡಲೇ ಕೊಳೆತ ವಾಸನೆ ಮೆಕ್ಯಾನಿಕ್ ಪಾಂಫಿಲನ ಮುಖಕ್ಕೆ ಹೊಡೆಯಿತು. ಅಂಗಿಯ ತೋಳನ್ನು ಮೂಗಿಗೆ ಒತ್ತಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದ. ಕರಡಿಯ ಪಂಜ. ಮಣಿಕಟ್ಟಿಗೆ ಸರಿಯಾಗಿ ಕಡಿದದ್ದು. ಕೂದಲ ನಡುವೆ ಹುಳು ಮಿಜಿಗುಡುತ್ತಿದ್ದವು. ಪಕ್ಕದ ಪ್ಲಾಸ್ಟಿಕ್ ಚೀಲಗಳಲ್ಲಿ ಕರುಳು, ಚರ್ಮದ ಚೂರು. ಪ್ರತಿ ಚೀಲದ ಬಾಯಿಗೂ ದಾರ ಕಟ್ಟಿ ಒಂದೊಂದು ನಂಬರು, ತಾರೀಖು. ಕಟುಕರವನು ಕೂಡ ಸರಕನ್ನು ಇಷ್ಟು ಒಪ್ಪವಾಗಿ ಇಡುವುದಿಲ್ಲ.

"ಅದನ್ನ ಮುಟ್ಬೇಡಿ ಮೇಸ್ತ್ರಿ," ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಸಾಬಿನ್ ಹೇಳಿದ. "ನಿಮ್ಮ ಕೆಲ್ಸ ಇರೋದು ಮುಂದ್ಗಡೆ."

ಪಾಂಫಿಲ್ ಮುಚ್ಚಳ ಹಾಕಿದ. ವಾಸನೆ ಮಾತ್ರ ಶೆಡ್ಡಿನೊಳಗೆ ನಿಂತೇ ಇತ್ತು. ಗ್ರೀಸಿನ ವಾಸನೆ, ಪೆಟ್ರೋಲಿನ ವಾಸನೆ ಎರಡನ್ನೂ ಮೀರಿಸಿ.

ಸಾಬಿನ್ ಪೇಟೆಯವನು. ‘ಆರೋ’ ಕಂಪನಿಯ ಹಳೆಯ ಜೀಪನ್ನು ಗುಡ್ಡ ಹತ್ತಿಸಿಕೊಂಡು ಈ ಹಳ್ಳಿಗೆ ಬಂದವನು, ಬೇಕಾದದ್ದನ್ನು ಒಂದೇ ಉಸಿರಿಗೆ ಹೇಳಿದ್ದ. ಸೀಟಿನ ಹಿಂದೆ ಎರಡನೆಯ ಬ್ಯಾಟರಿ. ಮೇಲೆ ನಾಲ್ಕು ದೊಡ್ಡ ಲೈಟು, ಎರಡಕ್ಕೆ ಕೆಂಪು ಗಾಜು. ಒಂದು ವೈರ್‌ಲೆಸ್ ಸೆಟ್ಟು, ಗುಡ್ಡದ ಆಚೆಗೂ ಕೇಳುವಂಥದ್ದು.

"ಕೆಂಪು ಗಾಜು ಯಾಕೋ?" ಪಾಂಫಿಲ್ ವಯರು ಸುಲಿಯುತ್ತಾ ಕೇಳಿದ.

"ಕೆಂಪು ಬೆಳಕಿಗೆ ಮೃಗ ಬೆಚ್ಚಲ್ಲ. ಬೆಳಗಾಗೋ ತನಕ ಇಂಜಿನ್ ಆಫ್ ಮಾಡಿ ಕೂತಿರ್ಬೇಕು ನಾನು. ಸದ್ದಾದ್ರೆ ಎಲ್ಲಾ ಕೆಟ್ಟೋಗುತ್ತೆ."

"ಮತ್ತೆ ವೈರ್‌ಲೆಸ್ಸು?"

"ಆ ಕಡೆ ನಮ್ಮೋರು ಇಬ್ರು ಇರ್ತಾರೆ. ನಾನು ಹೂಂ ಅಂದ ತಕ್ಷಣ ಬರ್ತಾರೆ."

"ಬಂದೂಕಿಗೊಂದು ಗೂಟ ಹೊಡ್ಕೊಡ್ಲಾ? ಅದೊಂದು ಯಾಕೆ ಬಾಕಿ?"

ಸಾಬಿನ್ ನಕ್ಕ. "ಬೇಡ ಮೇಸ್ತ್ರಿ. ನಂಗೆ ಎರಡು ಕೈನೂ ಖಾಲಿ ಇರ್ಬೇಕು."

ಆ ನಗುವಿಗೆ ಪಾಂಫಿಲನ ಮೈಯೆಲ್ಲ ಉರಿಯಿತು. ಅವನಿಗೆ ಗೊತ್ತಿತ್ತು, ಈ ಭಾಗದಲ್ಲಿ ಈಗ ಉಳಿದಿರುವುದು ಒಂದೇ ತಾಯಿ ಕರಡಿ. ಎರಡು ಮರಿ ಕಟ್ಟಿಕೊಂಡು ಸಂಜೆ ಅವನ ಪ್ಲಮ್ ತೋಟದ ಅಂಚಿಗೆ ಬರುತ್ತಿತ್ತು. ಹೆಂಡತಿ ವೇತ ಕೊನೆಯ ಮರದಡಿ ಉದುರಿದ ಹಣ್ಣನ್ನು ಸಾರಾಯಿ ಕಾಯಿಸಲು ಹೆಕ್ಕದೆ ಅವುಗಳಿಗೆಂದೇ ಬಿಟ್ಟಿದ್ದಳು. ಮರಿಗಳಲ್ಲಿ ಒಂದು ಬೇಲಿಯ ಮೇಲೆ ಹೊಟ್ಟೆ ಹಾಕಿ ಮಲಗುವುದನ್ನು ನೋಡಿ ಗಂಡ ಹೆಂಡತಿ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಈ ಹೊಲಸು ಪೆಟ್ಟಿಗೆಗೆ ಇನ್ನು ಸೇರುವ ಚೀಲಗಳಲ್ಲಿ ಏನು ತುಂಬಲಿದೆ ಎಂದು ಯೋಚಿಸಲೂ ಹೇಸಿಗೆಯಾಯಿತು.

ಮಧ್ಯಾಹ್ನ ಊಟಕ್ಕೆಂದು ಹೇಳಿ, ನೇರ ಅರಣ್ಯ ರಕ್ಷಕ ಇಲಾರಿಯೆಯ ಮನೆಗೆ ಹೋದ. ಇಲಾರಿಯೆ ಊರಿಗೆ ದೊಡ್ಡ ಮನುಷ್ಯ. ಚರ್ಚಿನಲ್ಲಿ ಮುಂದಿನ ಸಾಲು ಅವನದು. ಬೆಳೆ ತಿನ್ನುವ ಕಾಡುಹಂದಿ ಹೊಡೆದಾಗ ಹತ್ತು ಮನೆಗೆ ಮಾಂಸ ಕಳಿಸುವವನೂ ಅವನೇ.

ಎಲ್ಲವನ್ನೂ ಕೇಳಿಸಿಕೊಂಡು ಅವನು ಮೀಸೆ ಒರೆಸಿಕೊಂಡ. "ಎಲ್ಲಿ ಕೂರ್ತಾನಂತೆ?"

"ಮೇಲಿನ ಕಣಿವೇಲಿ. ಇವತ್ತಿಂದಲೇ. ಇಲಾರಿಯೆ ಅಣ್ಣ, ಅವನು ಅಲ್ಲಿ ಕೂತ ಅಂದ್ರೆ ನಮ್ಮ ಕರಡಿ ಕತೆ ಏನು?"

"ನಮ್ಮ ಕರಡಿ ನಮ್ಮದೇ ಕಣೋ. ಹೊರಗಿನೋನು ಬಂದು ಮೂಗು ತೂರ್ಸೋಕೆ ಬಿಡ್ತೀನಾ?" ಇಲಾರಿಯೆ ಅವನ ಭುಜ ಹಿಡಿದು ಅಲ್ಲಾಡಿಸಿದ. "ನೀನು ಇಂಥೋನು ಅಂತ ಗೊತ್ತಿರ್ಲಿಲ್ಲ ನೋಡು. ಸುಮ್ನೆ ಸಾಧು ಥರ ಇದ್ದೆ."

"ಪೊಲೀಸ್‌ಗೆ ಹೇಳೋಣ್ವಾ?"

"ಛೆ, ಅವರ್ಯಾಕೆ ನಡುವೆ? ಒಂದು ವಯರು ಸಡಿಲ ಇಡು, ಸಾಕು. ಮಿಕ್ಕಿದ್ದು ನಂಗೆ ಬಿಡು."

ಪಾಂಫಿಲ್ ತನ್ನ ಜನ್ಮದಲ್ಲಿ ಸಡಿಲ ಜಾಯಿಂಟ್ ಹಾಕಿದವನಲ್ಲ. ಆ ಸಂಜೆ ಹಾಕಿದ. ಎರಡನೆಯ ಬ್ಯಾಟರಿಯಿಂದ ಬರುವ ದಪ್ಪ ವಯರಿನ ನಡುವೆ, ಸೀಟಿನಡಿ ಕಾಣದ ಕಡೆ, ಕೂದಲಿನಂಥ ತೆಳು ತಂತಿಯ ತುಂಡೊಂದನ್ನು ಸೇರಿಸಿ ಟೇಪು ಸುತ್ತಿದ. ಸ್ವಲ್ಪ ಹೊತ್ತು ತಾಳುತ್ತದೆ, ಆಮೇಲೆ ಕಾದು ಕಡಿದುಹೋಗುತ್ತದೆ. ಲೈಟು, ವೈರ್‌ಲೆಸ್ಸು ಎರಡೂ ಒಟ್ಟಿಗೆ ಸಾಯುತ್ತವೆ.

ಸಾಬಿನ್ ಎಲ್ಲವನ್ನೂ ಹಚ್ಚಿ ನೋಡಿದ. ಶೆಡ್ಡಿನ ಗೋಡೆ ಕೆಂಪಾಯಿತು. ವೈರ್‌ಲೆಸ್ಸಿನಲ್ಲಿ ಹೆಣ್ಣು ದನಿಯೊಂದು ಸ್ಪಷ್ಟವಾಗಿ "ಕೇಳಿಸ್ತಿದೆ" ಎಂದಿತು. ಅವನ ಮುಖ ಅರಳಿತು.

"ಎಂಥ ಉಪಕಾರ ಮಾಡಿದ್ರಿ ಅಂತ ನಿಮಗೆ ಗೊತ್ತಿಲ್ಲ ಮೇಸ್ತ್ರಿ," ಎಂದು ಎರಡೂ ಕೈಯಲ್ಲಿ ಪಾಂಫಿಲನ ಕೈ ಹಿಡಿದುಕೊಂಡ.

ಜೀಪು ತಿರುವು ದಾಟಿದ ಮೇಲೆ ಪಾಂಫಿಲ್ ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ ಕೈಯನ್ನು ತಿಕ್ಕಿದ. ಚರ್ಮ ಉರಿಯುವ ತನಕ ತಿಕ್ಕಿದ.

ಮರುದಿನ ಊಟದ ಹೊತ್ತಿಗೆ ಇಲಾರಿಯೆ ಬಂದ. ಕೈಯಲ್ಲಿ ಬಟ್ಟೆ ಕಟ್ಟಿದ ಪಾತ್ರೆ. ಮುಖದಲ್ಲಿ ನಿದ್ದೆಗೆಟ್ಟ ಕಳೆ, ಆದರೂ ನಗು.

"ಮುಗೀತು ಕಣೋ. ಲೈಟೂ ಇಲ್ಲ, ವೈರ್‌ಲೆಸ್ಸೂ ಇಲ್ಲ. ಕತ್ತಲಲ್ಲಿ ಗೂಬೆ ಹಾಗೆ ಕೂತಿದ್ದ. ಏನೂ ಕಾಣಿಸ್ಲಿಲ್ಲ, ಯಾರನ್ನೂ ಕರೆಯೋಕಾಗ್ಲಿಲ್ಲ. ಬೆಳಿಗ್ಗೆ ಜೀಪ್ ಇಳಿಸ್ಕೊಂಡು ಹೋದ, ಅಳ್ತಾ ಇದ್ದ ನನ್ಮಗ."

ಪಾಂಫಿಲನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ವೇತ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡು, ಬಿಸಿ ಮೆಕ್ಕೆಜೋಳದ ಮುದ್ದೆ ತಂದಿಟ್ಟಳು. ಇಲಾರಿಯೆ ಪಾತ್ರೆ ಬಿಚ್ಚಿ, ಬೆಳ್ಳುಳ್ಳಿ ಹಾಕಿ ಬೇಯಿಸಿದ ಮಾಂಸವನ್ನು ತಾನೇ ಬಡಿಸಿದ. ನಿನ್ನೆಯಿಂದ ಒಂದು ತುತ್ತೂ ಇಳಿಯದಿದ್ದ ಪಾಂಫಿಲ್ ಹಸಿದವನಂತೆ ತಿಂದ. ಎಲುಬನ್ನೂ ಚೀಪಿದ.

"ಎಷ್ಟು ಮೆತ್ತಗಿದೆ ಅಣ್ಣ! ಹಂದೀದು ಇಷ್ಟು ಮೆತ್ತಗಿರುತ್ತಾ?"

ಇಲಾರಿಯೆ ಅವನನ್ನೇ ಒಂದು ಗಳಿಗೆ ನೋಡಿ, ತೊಡೆ ತಟ್ಟಿಕೊಂಡು ನಕ್ಕ.

"ಯಾವ ಹಂದಿನೋ ಮಾರಾಯ, ತಾಯೀದು ಬರೀ ನಾರು ಅಂತ ನಿನ್ನ ಪಾಲಿಗೆ ಮರೀದೇ ತಂದಿದೀನಿ."