ಹಿರಿಯೂರಿಗೆ ಹೋಗುವ ದುಡ್ಡು

ಚಿತ್ತಮ್ಮ ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿದಳು. ಅವಳ ಗಂಡ ಎತ್ತಪ್ಪ ಹಿಂದಿನ ಬಾಗಿಲಲ್ಲಿ ಹತ್ತಿದ. ತಲೆಗೆ ಸುತ್ತಿದ ಟವೆಲನ್ನು ಹುಬ್ಬಿನ ತನಕ ಎಳೆದುಕೊಂಡು, ನಿಂತವರ ಬೆನ್ನಿಗೆ ಮರೆಯಾದ. ಕಂಡಕ್ಟರು ಅವಳಿಗೆ ಫ್ರೀ ಟಿಕೆಟ್ ಕೊಟ್ಟು, ಇವನ ಹತ್ತಿರ ಬಂದು ಕೈ ಚಾಚಿದ.

“ಎಲ್ಲಿಗೆ?”

“ಹಿರಿಯೂರು,” ಎತ್ತಪ್ಪ ಪಿಸುಗುಟ್ಟಿದ.

ಕದ್ದು ಓಡಾಡುವವಳಿಗೆ ಸರ್ಕಾರವೇ ಟಿಕೆಟ್ ಕೊಡುತ್ತದೆ, ಹಿಡಿಯಲು ಹೊರಟವನು ಕಾಸು ಬಿಚ್ಚಬೇಕು! ಅರ್ಧ ಸಿಟ್ಟು ಅಲ್ಲೇ ನೆತ್ತಿಗೇರಿತು.

ಎತ್ತಪ್ಪ ಮತ್ತೋಡಿನ ಹತ್ತಿರದ ಹಳ್ಳಿಯವನು. ಕುರಿ ಸಾಕಿ ಬದುಕಿದವನು. ಒಂದು ಕಾಲಕ್ಕೆ ಮನೆಯ ಕಾಸೆಲ್ಲ ಅವನ ಅಂಗಿ ಜೇಬಿನಲ್ಲೇ ಇರುತ್ತಿತ್ತು. ತಲೆಗೆಣ್ಣೆ ಬೇಕೆಂದರೂ ಚಿತ್ತಮ್ಮ ಬಂದು ಎದುರಿಗೆ ನಿಲ್ಲಬೇಕು. ಒಮ್ಮೆ ಕೊಡುತ್ತಿದ್ದ, ಇನ್ನೊಮ್ಮೆ “ಮರಿ ಮಾರಾಟ ಆಗ್ಲಿ ತಡಿ” ಎನ್ನುತ್ತಿದ್ದ.

ಗೃಹಲಕ್ಷ್ಮಿ ದುಡ್ಡು ಅವಳ ಖಾತೆಗೆ ಬೀಳತೊಡಗಿದ ಮೇಲೆ ಮನೆಯ ದಿಕ್ಕೇ ತಿರುಗಿತು. ಮೊದಲು ಮಿಕ್ಸಿ ಬಂತು. ಆಮೇಲೆ ಹಾಸ್ಟೆಲಿನಲ್ಲಿರುವ ಮಗ ರಂಗೇಶನಿಗೆ ಶೂ. ಆಮೇಲೆ, ಇದು ನಂದೇ ಎಂದು ಹೇಳಿಕೊಂಡು ಅವಳು ಸಂತೆಯಿಂದ ಹೊಡೆದುಕೊಂಡು ಬಂದ ಎರಡು ಹೆಣ್ಣುಮರಿ. ಬೈಕಿಗೆ ಪೆಟ್ರೋಲ್ ಬೇಕಾದಾಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೆಮ್ಮುವುದನ್ನು ಎತ್ತಪ್ಪ ಕಲಿತ. ಚಿತ್ತಮ್ಮ ಯಾವತ್ತೂ ಇಲ್ಲ ಎನ್ನಲಿಲ್ಲ. ಅವನಿಗೆ ಚುಚ್ಚುತ್ತಿದ್ದುದೇ ಅದು.

ಯುಗಾದಿ ಕಳೆದ ಮೇಲೆ ಹೊಸ ವರಸೆ ಶುರುವಾಯಿತು. ದುಡ್ಡು ಬಿದ್ದ ಮೆಸೇಜು ಬಂದರೆ ಸಾಕು, ಮಾರನೇ ದಿನ ಅವಳು ಒಳ್ಳೆಯ ಸೀರೆ ಉಟ್ಟು ಹೊರಟುಬಿಡುತ್ತಿದ್ದಳು. ಸಂಜೆ ಬರಿಗೈಯಲ್ಲಿ ಬರುತ್ತಿದ್ದಳು.

“ದುಡ್ಡು ಏನಾತು?” ಎಂದು ಒಂದು ದಿನ ಕೇಳಿಯೇಬಿಟ್ಟ.

“ಮನೆ ಮಕ್ಕಳಿಗೇ ಆತು.”

“ರಂಗೇಶ ಹಾಸ್ಟೆಲ್‌ನಾಗೆ ಅವನೆ. ಅವನಿಗೆ ಯಾತರ ಖರ್ಚು?”

“ಮಕ್ಕಳು ಅಂದ್ಮೇಲೆ ಖರ್ಚು ಇದ್ದೇ ಐತೆ. ನಿಮಗೆ ಗೊತ್ತಾಗಲ್ಲ ಬಿಡ್ರಿ,” ಎಂದು ಅವಳು ಮುದ್ದೆ ತಿರುವಲು ಎದ್ದುಹೋದಳು.

ಉಳಿದದ್ದನ್ನು ಟೀ ಅಂಗಡಿಯಲ್ಲಿ ಗೆಳೆಯ ಮಾರಪ್ಪ ಹೇಳಿದ. “ನಿನ್ ಹೆಂಡ್ತಿ ಹಿರಿಯೂರು ಬಸ್‌ಸ್ಟ್ಯಾಂಡಿನಾಗೆ ಒಬ್ಬನ ಬೈಕ್ ಹತ್ತಿದ್ಲು ಕಣಲೇ. ಕಣ್ಣಾರೆ ಕಂಡೆ. ಹುಡುಗ ನೋಡಾಕೆ ಚೆನ್ನಾಗವನೆ.”

ಎತ್ತಪ್ಪ ಅವತ್ತು ಉಣ್ಣಲಿಲ್ಲ. ತನ್ನಂಥ ಗಂಡನಿಗೆ ಇಂಥ ದ್ರೋಹವೇ? ಹಿಂದೆಲ್ಲ ಬೇಸಿಗೆ ಬಂದರೆ ಮಂದೆ ಹೊಡೆದುಕೊಂಡು ಭೀಮಸಮುದ್ರದ ಕಡೆ ತಿಂಗಳುಗಟ್ಟಲೆ ಹೋಗುತ್ತಿದ್ದವನು, ಕೊರೊನಾ ಬಂದ ವರ್ಷದಿಂದ ಅತ್ತ ತಲೆ ಹಾಕಿರಲಿಲ್ಲ. ಅಲ್ಲಿ ಮೇವಿಲ್ಲ ಎನ್ನುತ್ತಿದ್ದ. ಹೆಂಡತಿ ಮಗನನ್ನು ಬಿಟ್ಟು ಕದಲದ ಗಂಡಸು ಎಂದು ಊರಲ್ಲಿ ಹೆಸರೂ ಬಂದಿತ್ತು.

ಹಿರಿಯೂರಿನಲ್ಲಿ ಇಳಿದ ಚಿತ್ತಮ್ಮ ಬಾಳೆಹಣ್ಣು ಕೊಂಡಳು, ಒಂದು ಮೊಳ ಮಲ್ಲಿಗೆ ಕೊಂಡಳು. ಆದರೆ ಮುಡಿಯಲಿಲ್ಲ, ಎಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಕಂಬದ ಮರೆಯಲ್ಲಿದ್ದ ಎತ್ತಪ್ಪ ಹಲ್ಲು ಕಡಿದ. ಯಾರು ಮುಡಿಸಲಿ ಎಂದು ಕಾದಿಟ್ಟಳೋ!

ಬೈಕು ಬಂತು. ಮೂವತ್ತರೊಳಗಿನ ಹುಡುಗ. ಮಾರಪ್ಪ ಹೇಳಿದ್ದು ಸುಳ್ಳಲ್ಲ, ಚೆನ್ನಾಗಿಯೇ ಇದ್ದ. ಚಿತ್ತಮ್ಮ ನಗುತ್ತಾ ಹಿಂದೆ ಕೂತಳು. ಎತ್ತಪ್ಪ ಆಟೋ ಹತ್ತಿ, “ಆ ಬೈಕ್ ಹಿಂದೇನೇ ನಡಿಯಪ್ಪ” ಎಂದ.

ಬೈಕು ತೆಂಗಿನಕಾಯಿ ಮಂಡಿಗಳನ್ನು ದಾಟಿ, ಒಂದು ಓಣಿಗೆ ಹೊಕ್ಕು, ಶೀಟಿನ ಮನೆಯೊಂದರ ಮುಂದೆ ನಿಂತಿತು. ಇಬ್ಬರೂ ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ಎತ್ತಪ್ಪನಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಇವಳನ್ನು ಎಳೆದುಕೊಂಡು ಹೋಗಿ ಊರಿನ ಹಿರಿಯರ ಮುಂದೆ ನಿಲ್ಲಿಸಬೇಕು. ಪಾಸ್‌ಬುಕ್ಕು ಕಿತ್ತು ಪೆಟ್ಟಿಗೆಗೆ ಹಾಕಬೇಕು. ಮನೆಯ ಕಾಸು ಮತ್ತೆ ಗಂಡಸಿನ ಜೇಬಿಗೆ ಬರಬೇಕು. ಅಷ್ಟೂ ಜನ ತನ್ನ ಕಡೆಗೇ ಮಾತಾಡುತ್ತಾರೆ. ಹಾಗೆ ಎಣಿಸಿದಾಗ ಸಿಟ್ಟಿನ ನಡುವೆಯೂ ಸ್ವಲ್ಪ ಸಮಾಧಾನವಾಯಿತು. ಹೋಗಿ ಬಾಗಿಲಿಗೆ ಒದ್ದ.

“ಎಲ್ಲವನೆ ಅವನು? ಆಚೆಗೆ ಬಾರಲೇ!”

ಬಾಗಿಲು ತೆರೆದ ಹುಡುಗ ಇವನನ್ನು ಮೇಲಿಂದ ಕೆಳಗೆ ನೋಡಿದ. ಹೊಡೆಯಲು ಬರಲಿಲ್ಲ, ಓಡಲೂ ಇಲ್ಲ. ಪಕ್ಕಕ್ಕೆ ಸರಿದು, ಅಡುಗೆಮನೆ ಕಡೆ ತಿರುಗಿ, “ಅಕ್ಕ, ಯಾರೋ ಬಂದವ್ರೆ ನೋಡು” ಎಂದ.

ಚಿತ್ತಮ್ಮ ಚಾಪೆಯ ಮೇಲೆ ಕೂತು ಒಂದು ಪುಟ್ಟ ಹುಡುಗಿಗೆ ಜಡೆ ಹೆಣೆಯುತ್ತಿದ್ದಳು. ಗಂಡನನ್ನು ನೋಡಿ ಬೆಚ್ಚಲಿಲ್ಲ.

“ಬಂದ್ರಾ? ಬರ್ರಿ, ಕುಂತ್ಕಳ್ರಿ.”

ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಆ ಹುಡುಗನ ಅಕ್ಕ ಹೊರಬಂದಳು. ಇವನನ್ನು ಕಂಡು ನಿಂತಲ್ಲೇ ನಿಂತಳು.

“ಬಿಂದು!” ಎಂದುಬಿಟ್ಟ ಎತ್ತಪ್ಪ. ಭೀಮಸಮುದ್ರದಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದ ಬಿಂದು.

ಆ ಹೆಸರು ಅವನಿಗೆ ಹೇಗೆ ಗೊತ್ತು ಎಂದು ಚಿತ್ತಮ್ಮ ಕೇಳಲಿಲ್ಲ.

“ಯುಗಾದಿ ಟೈಮಿಗೆ ನಮ್ಮೂರಿಗೆ ಬಂದಿದ್ಲು. ನೀವು ಕುರಿ ಹಿಂದೆ ಹೋಗಿದ್ರಿ,” ಎಂದಳು, ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾ. “ಮೊದಲಾಗಿದ್ರೆ ಬೈದು ಅಟ್ಟಿಬಿಡ್ತಿದ್ದೆ. ಇಲ್ಲಾ, ಅತ್ಕಂಡು ಕುಂತಿರ್ತಿದ್ದೆ. ಈಗ ಕೈಯಾಗೆ ನಂದು ಅಂತ ದುಡ್ಡು ಐತಲ್ಲ. ಪಾಪ, ಇವಳಿಗೆ ರೇಷನ್ ಕಾರ್ಡೂ ಇಲ್ಲ, ದುಡ್ಡೂ ಬರಲ್ಲ.”

ಎತ್ತಪ್ಪ ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತ. ಬಿಂದು ಗೋಡೆಗೆ ಒರಗಿದಳು. ಹುಡುಗಿ ಮಾತ್ರ ಕತ್ತು ತಿರುಗಿಸಿ ಅವನನ್ನೇ ನೋಡಿದಳು.

“ದೊಡ್ಡಮ್ಮ, ಇವರು ಯಾರು?”

“ನಿಮ್ಮಪ್ಪ ಕಣವ್ವ. ಹೋಗು, ಒಂದು ಚೊಂಬು ನೀರು ತಂದ್ಕೊಡು.”