ಉಳಿದಿದ್ದ ಒಂದೇ ಔಷಧ

"ಇನ್ನು ನಮ್ಮಲ್ಲಿ ಉಳಿದಿರೋದು ಒಂದೇ ಔಷಧ, ಕೊಲಿಸ್ಟಿನ್," ಎಂದರು ಡಾಕ್ಟರ್ ಕೀರ್ತನ. "ನಿಮ್ಮ ತಾಯಿಯ ರಕ್ತಕ್ಕೆ ಸೇರಿರೋ ಕ್ರಿಮಿ ಮಿಕ್ಕ ಯಾವುದಕ್ಕೂ ಬಗ್ತಾ ಇಲ್ಲ. ಇದಕ್ಕೆ ಬಗ್ಗುತ್ತಾ ಅಂತ ನೋಡೋ ಪರೀಕ್ಷೆ ಬೇರೆ ಲ್ಯಾಬಲ್ಲಿ ಆಗ್ಬೇಕು, ಅಲ್ಲೀವರೆಗೂ ಕಾಯೋಕಾಗಲ್ಲ. ಈಗಲೇ ಶುರು ಮಾಡ್ತೀವಿ."

ಆ ಹೆಸರು ನರೇಶನಿಗೆ ಗೊತ್ತಿತ್ತು. ಸಾಸಲು ಹಳ್ಳಿಯ ಅವನ ಕೋಳಿ ಶೆಡ್ಡಿನಲ್ಲಿ, ನೀರಿನ ಡ್ರಮ್ಮಿನ ಪಕ್ಕದಲ್ಲೇ ಅದೇ ಹೆಸರಿನ ಪುಡಿ ಇತ್ತು. ಮರಿಗಳು ಭೇದಿಯಾಗಿ ಸಾಯದಿರಲಿ, ಬೇಗ ಮೈ ತುಂಬಲಿ ಅಂತ ದಿನಾ ಬೆಳಿಗ್ಗೆ ಅದನ್ನು ನೀರಿಗೆ ಸುರಿದು, ಬರಿಗೈಯಲ್ಲೇ ಕದಡುತ್ತಿದ್ದವಳು ಅವನ ತಾಯಿ ಸೊಣ್ಣಮ್ಮ. ಉರಿಮೂತ್ರ ಅಂತ ಶುರುವಾದದ್ದು ಚಳಿಜ್ವರಕ್ಕೆ ತಿರುಗಿ, ಈಗ ಅವಳು ದೊಡ್ಡಬಳ್ಳಾಪುರದ ಈ ಆಸ್ಪತ್ರೆಯ ಐಸಿಯುನಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು.

ಪಕ್ಕದಲ್ಲಿ ಹರಿಪ್ರಸಾದ್ ನಿಂತಿದ್ದ. ಮರಿ, ಮೇವು, ಔಷಧ ಎಲ್ಲ ಕೊಟ್ಟು, ಬೆಳೆದ ಕೋಳಿಯನ್ನು ವಾಪಸು ಒಯ್ಯುವ ಕಂಪನಿಯ ಸೂಪರ್‌ವೈಸರ್. ಸೊಣ್ಣಮ್ಮನನ್ನು ತನ್ನ ಕಾರಿನಲ್ಲೇ ಮಲಗಿಸಿಕೊಂಡು ಬಂದವನು ಅವನು. ಆ ಪುಡಿ ತಂದುಕೊಟ್ಟವನೂ ಅವನೇ. "ಇದನ್ನ ಕೋಳಿಗೆ ಹಾಕ್ಬಾರ್ದು ಅಂತ ಸರ್ಕಾರ ನಿಲ್ಸೈತೆ ಗುರು, ಯಾರತ್ರಾನೂ ಬಾಯಿ ಬಿಡಬೇಡ" ಎಂದು ಹೇಳಿದ್ದ. ಈಗ ನರೇಶನ ಭುಜ ಅದುಮಿದ. ಬಾಯಿ ಬಿಟ್ಟರೆ ಮುಂದೆ ಮರಿ ಬರುವುದಿಲ್ಲ, ಶೆಡ್ಡು ಪಾಳು ಬೀಳುತ್ತದೆ. ಅದನ್ನು ಬಾಯಲ್ಲಿ ಹೇಳುವ ಅಗತ್ಯವಿರಲಿಲ್ಲ.

ಕೀರ್ತನ ಐಸಿಯುನ ಬಾಗಿಲು ತಳ್ಳಿದ್ದರು.

"ಮೇಡಂ," ಎಂದ ನರೇಶ. "ಆ ಔಷಧಾನ ನಾವು ಕೋಳಿಗೆ ಹಾಕ್ತೀವಿ. ವರ್ಷದಿಂದ. ಕಲಸೋದು ನಮ್ಮಮ್ಮನೇ."

ಡಾಕ್ಟರು ಬಾಗಿಲು ಬಿಟ್ಟು ವಾಪಸು ಬಂದರು. ಬೈಯಲಿಲ್ಲ. "ಒಳ್ಳೇದಾಯ್ತು ಹೇಳಿದ್ದು. ಹಾಗಿದ್ರೆ ಆ ಕ್ರಿಮಿ ಇದಕ್ಕೂ ಪಳಗಿರಬಹುದು. ಇದೊಂದನ್ನೇ ನಂಬ್ಕೊಂಡು ಕೂರಬಾರದು. ಬೆಂಗಳೂರಲ್ಲಿ ಹೊಸದೊಂದು ಇಂಜೆಕ್ಷನ್ ಸಿಗುತ್ತೆ, ತರಿಸ್ತೀನಿ," ಎನ್ನುತ್ತಲೇ ಫೋನು ಕೈಗೆತ್ತಿಕೊಂಡರು.

ನರೇಶನ ಭುಜದ ಮೇಲಿನ ಕೈ ಸರಿಯಿತು. "ಒಂದು ಕಾಲ್ ಮಾಡ್ಬೇಕು," ಎಂದ ಹರಿಪ್ರಸಾದ್, ಯಾರ ಮುಖವನ್ನೂ ನೋಡದೆ. ಮೆಟ್ಟಿಲಿಳಿದು ಹೋದವನು ಮತ್ತೆ ಬರಲಿಲ್ಲ.

ಇಂಜೆಕ್ಷನ್ ಮಧ್ಯಾಹ್ನದ ಹೊತ್ತಿಗೆ ಬಂತು. ಆ ಸಂಜೆಯೆಲ್ಲ ಜ್ವರ ಇಳಿಯಲಿಲ್ಲ. ನರ್ಸು ಹೊರಗೆ ಬಂದಾಗಲೆಲ್ಲ ನರೇಶ ಎದ್ದು ನಿಲ್ಲುತ್ತಿದ್ದ, ಅವಳು ತನ್ನ ಪಾಡಿಗೆ ಹೋಗುತ್ತಿದ್ದಳು. ಬೆಳಗಾದ ಮೇಲೆ ಒಳಗೆ ಕರೆದರು. ಸೊಣ್ಣಮ್ಮ ಕಣ್ಣು ಬಿಟ್ಟಿದ್ದಳು. ಮಗನನ್ನು ಗುರುತು ಹಿಡಿದು, "ಕೋಳಿಗೆ ನೀರಿಟ್ರೇನಪ್ಪಾ?" ಎಂದಳು. ಅವನು ಅವಳ ಅಂಗೈ ಹಿಡಿದುಕೊಂಡ.

ಮಧ್ಯಾಹ್ನ ಕೀರ್ತನ ಅವನನ್ನು ಪಕ್ಕಕ್ಕೆ ಕರೆದರು. "ರಿಪೋರ್ಟ್ ಬಂತು. ಆ ಕ್ರಿಮಿಗೆ ಕೊಲಿಸ್ಟಿನ್ ನಾಟೋದೇ ಇಲ್ಲ. ನೀವು ನಿನ್ನೆ ಸುಮ್ಮನಿದ್ದಿದ್ರೆ..." ಅವರು ರಿಪೋರ್ಟ್ ಮಡಚಿಟ್ಟರು. "ಕೋಳಿಯಿಂದಲೇ ಬಂತು ಅಂತ ನಾನು ಹೇಳಲಾರೆ. ಆದ್ರೆ ನಿಮ್ಮದು, ನಿಮ್ಮ ಹೆಂಡತೀದು ಮಲಪರೀಕ್ಷೆ ಮಾಡ್ಸೋಣ. ಗಟ್ಟಿಮುಟ್ಟಾಗಿರೋರ ಹೊಟ್ಟೇಲೂ ಅದು ಸದ್ದಿಲ್ಲದೆ ಕೂತಿರುತ್ತೆ. ಕೋಳೀನೂ ಪರೀಕ್ಷೆ ಆಗ್ಬೇಕು, ಸದ್ಯಕ್ಕೆ ಎಲ್ಲಿಗೂ ಕಳಿಸಬೇಡಿ."

ನರೇಶ ಕಾರಿಡಾರಿನಲ್ಲೇ ನಿಂತು ಹೆಂಡತಿಗೆ ಫೋನು ಹಚ್ಚಿದ. "ರಮ್ಯಶ್ರೀ, ಶೆಡ್ಡಿಗೆ ಬೀಗ ಹಾಕು. ಯಾರು ಬಂದ್ರೂ ಒಂದು ಕೋಳೀನೂ ಕೊಡಬೇಡ."



"ನೀವೇ ಹೇಳಿದ್ರಿ ಅಂತಂದ್ರಲ್ಲ ರೀ ಹರಿಪ್ರಸಾದು," ಎಂದಳು. "ನಿನ್ನೆ ಸಂಜೇನೇ ಲಾರಿ ತಂದು ಎಲ್ಲಾನೂ ತುಂಬ್ಕೊಂಡು ಹೋದ್ರು. ಇವತ್ತು ಭಾನುವಾರ ಅಲ್ವಾ, ಹೊತ್ತು ನೆತ್ತಿಗೆ ಬರೋದ್ರೊಳಗೆ ಅಂಗಡೀಲಿ ಒಂದೂ ಮಿಗಲ್ಲ ಅಂದ್ರು."